ಮುಳ್ಳು

ಬೆಲ್ಲದ ಮಂಡಿಯಲ್ಲಿ ಬೆಳಗಾಗುವುದು ನೊಣಗಳಿಂದ,
ಆಮೇಲೆ ಗಾಡಿ, ಟೆಂಪೊ, ಬೀಡಿ, ಬೈಗುಳ.
ಅಪ್ಪ ನೊಣಕ್ಕೂ ಮೊದಲೇ ಹೋಗಿ
ತಕ್ಕಡಿಯ ಎರಡೂ ತಟ್ಟೆ ಒರೆಸುತ್ತಿದ್ದ,
ಹೆಗಲ ಮೇಲಿನ ವಸ್ತ್ರ ಒದ್ದೆ ಮಾಡಿ.
'ಅಂಟಿದ್ದೂ ತೂಗ್ತದೆ ಕಣವ್ವ,
ಕಾಣ್ದಿದ್ರೂ ಯಾರ್ದೋ ಪಾಲು ಅದು.'
ಮುಳ್ಳು ನಡುಗಿ ನಡುಗಿ ನಿಲ್ಲುವ ತನಕ
ಉಸಿರು ಬಿಡುತ್ತಿರಲಿಲ್ಲ ಅವನು,
ಪೂಜೆಯಲ್ಲಿ ರೊಟ್ಟಿ ಮೇಲೆತ್ತಿದಾಗ ಹಿಡಿಯುವ ಹಾಗೆ.
ಶಿಲುಬೆಯ ಮೇಲಿನವನ ತಲೆಯಲ್ಲೂ ಮುಳ್ಳು ಕಂಡು
ಇವನನ್ನು ಯಾರು ತೂಗಿದರೋ
ಎಂದುಕೊಳ್ಳುತ್ತಿದ್ದೆ, ಆಗ ಚಿಕ್ಕವಳು.

ಮಾಲೀಕರು ಕೆಟ್ಟವರಲ್ಲ,
ನನ್ನ ಫೀಜು ಎರಡು ಸಲ ಕಟ್ಟಿದವರು.
'ಇನ್ನಾಸಿ, ಎಲ್ಲಾ ಮಂಡೀಲೂ ಸೂಟು ಮುರೀತಾರೆ,
ಕ್ವಿಂಟಾಲಿಗೆ ಎರಡೇ ಕೇಜಿ.
ನೀನೊಬ್ಬ ಯಾಕ್ಲಾ ಇಂಗಾಡೀಯೆ?'
ಅಪ್ಪನಿಗೆ ವಾದ ಬರುತ್ತಿರಲಿಲ್ಲ.
ಹೆಬ್ಬೆರಳಲ್ಲಿ ನೆಲ ಕೆರೆಯುತ್ತ
'ಆಗಾಕಿಲ್ಲ ಸಾಮಿ' ಅಂದ.
ಎರಡು ಮಾತು. ಅದರಲ್ಲೊಂದು ಮರ್ಯಾದೆಗೆ.

ಮಾರನೇ ದಿನ ಕೈಗೆ ಪೊರಕೆ ಬಂತು.
ಚೀಟಿ ಬರೆಯುವ ಪೆನ್ನು ಇನ್ಯಾರದೋ ಕಿವಿಗೇರಿತು.
ಅಮ್ಮ ಮೂರು ದಿನ ಮಾತು ಬಿಟ್ಟಳು.
ನಾನು ಹನ್ನೆರಡರವಳು, ಶಾಲೆಯ ದಾರಿ ಬದಲಿಸಿದೆ,
ಮಂಡಿಯ ಮುಂದೆ ಹಾಯದ ಹಾಗೆ
ಗುತ್ತಲು ರಸ್ತೆಯಿಂದ ಸುತ್ತಿಕೊಂಡು.
ಮಿಕ್ಕಿದ್ದೆಲ್ಲ ಅಪ್ಪನ ಕತೆ. ಇದೊಂದು ನನ್ನದು.

ಒಂಬತ್ತು ವರ್ಷ
ಅದೇ ತಕ್ಕಡಿಯ ಸುತ್ತ ಗುಡಿಸಿದ.
ಬೇರೆ ಕಡೆ ಹೋಗಬಾರದೇ ಎಂದರೆ
'ನಾನ್ ನೋಡ್ತಾ ನಿಂತ್ರೆ ಆ ಹುಡುಗ
ಎರಡು ಮುರಿಯೋ ಜಾಗದಲ್ಲಿ ಒಂದು ಮುರೀತಾನೆ' ಅಂದ.
ಬೂದಿ ಬುಧವಾರ ಹಣೆಯ ಬೂದಿಯ ಸಮೇತ ಬಂದರೆ
'ಏನ್ಲಾ, ನೀನೂ ಈಬೂತಿ ಇಟ್ಬುಟ್ಯಾ!'
ಹಮಾಲರು ನಗುತ್ತಿದ್ದರು, ಅಪ್ಪನೂ.
'ಕಡೇಗೆ ಎಲ್ರಿಗೂ ಅದೇ ಅಲ್ವಾ' ಎನ್ನುತ್ತ
ಮೂಟೆಗೆ ಒಂದು ಕೈ ಕೊಡುತ್ತಿದ್ದ.

ಏಳನೇ ವರ್ಷ, ಪವಿತ್ರ ಗುರುವಾರ,
ಕಾಲು ತೊಳೆಸಿಕೊಳ್ಳುವ ಹನ್ನೆರಡು ಮಂದಿಯಲ್ಲಿ
ಒಬ್ಬ ಕಡಿಮೆ ಬಿದ್ದ. ಚೌರಪ್ಪನಿಗೆ ಜ್ವರ.
ಗುರುಗಳು ಕೊನೆಯ ಬೆಂಚಿನಿಂದ ಅಪ್ಪನನ್ನು ಕರೆದರು,
ಮಂಡಿಯಿಂದ ನೆಟ್ಟಗೆ ಬಂದು ಕೂತವನನ್ನು.
ಹಿಮ್ಮಡಿಯ ಬಿರುಕಲ್ಲಿ ಬೆಲ್ಲ, ಬೆರಳ ಸಂದಿಯಲ್ಲಿ ಬೆಲ್ಲ,
ಬೋಗುಣಿಯ ನೀರಿಗೆ ಪಾನಕದ ಬಣ್ಣ.
ಒರೆಸುವ ಟವಲು ಅಂಟಿಕೊಂಡಿತು.
ಗುರುಗಳು ಇನ್ನೊಂದು ಚೆಂಬು ತರಿಸಿದರು.
ಮುಂದಿನ ಸಾಲಿನ ಹುಡುಗರು ಕಿಸಕ್ಕೆಂದರು.
ಮಾಲೀಕರೆದುರು ನಡುಗದ ಮೊಣಕಾಲು ಈಗ ನಡುಗಿತು,
ಕಾಲೆಳೆದುಕೊಳ್ಳಲು ನೋಡಿದ, ಅವರು ಬಿಡಲಿಲ್ಲ.
'ಕಸ ಗುಡಿಸೋದು ಸಲೀಸು ಕಣವ್ವ,'
ದಾರಿಯಲ್ಲಿ ಅಂದ, 'ಇದು ಕಷ್ಟ.'
ಮರುದಿನ ಪೀಠದ ಮೆಟ್ಟಿಲ ತುಂಬ ಇರುವೆ ಸಾಲು,
ಉಪದೇಶಿ ಇಡೀ ಶುಕ್ರವಾರ ಗೊಣಗಿದನಂತೆ.

ಈಗ ನನಗೆ ಹೆರಿಗೆ ವಾರ್ಡಿನಲ್ಲಿ ರಾತ್ರಿ ಪಾಳಿ.
ಡಿಜಿಟಲ್ ಯಂತ್ರ ಕೆಟ್ಟು ತಿಂಗಳಾಯಿತು,
ಹಳೆಯ ಮುಳ್ಳಿನ ತಕ್ಕಡಿಯೇ ಗತಿ.
ಕೂಸನ್ನು ಮಲಗಿಸುವ ಮುಂಚೆ ತಟ್ಟೆ ಒರೆಸುತ್ತೇನೆ.
ಇವತ್ತು ಸಂಜೆ ಮೆಟ್ಟಿಲ ಬಳಿ ಒಬ್ಬರು,
ಪರಿಚಯದವರೇ, ಕವರು ಚಾಚಿದರು,
ಜೊತೆಗೊಂದು ವಿಳಾಸ. ಬಸಿರಲ್ಲಿ ಹೆಣ್ಣೋ ಗಂಡೋ
ನೋಡಿ ಹೇಳುವ ಮನೆ.
'ನೀವು ಬರೀ ಕಳಿಸಿಕೊಡಿ ಸಿಸ್ಟರ್, ಮಿಕ್ಕಿದ್ದು ನಮಗಿರಲಿ.
ದೊಡ್ಡವರದ್ದೇ ಎಲ್ಲಾ.'
ಓದಿದ ಮಾತು ಒಂದೂ ನೆನಪಾಗಲಿಲ್ಲ.
'ಆಗಾಕಿಲ್ಲ' ಅಂದೆ. ದನಿ ಒಡೆದಿತ್ತು.
ಮರ್ಯಾದೆಯ ಮಾತು ಸೇರಿಸಲು ಮರೆತೆ.

ನಾಳೆ ಯಾವ ವಾರ್ಡಿಗೆ ಹಾಕುತ್ತಾರೋ,
ಪೊರಕೆಯ ತೂಕ ಎಷ್ಟಿರುತ್ತದೋ ಗೊತ್ತಿಲ್ಲ.
ಸದ್ಯಕ್ಕೆ ಈ ಹೆಣ್ಣುಕೂಸು
ಕೈಕಾಲು ಬಡಿಯುತ್ತ ಕಿರುಚುತ್ತಿದೆ, ಗುಲಾಬಿ ಮುಷ್ಟಿ.
ಬಗ್ಗಿ, ಉಸಿರು ಹಿಡಿದು ನೋಡುತ್ತಿದ್ದೇನೆ.
ಮುಳ್ಳು ಇನ್ನೂ ನಿಂತಿಲ್ಲ.